ಸಾಲು ಬರಲಿಲ್ಲವೆಂದರೆ ಅಳಿಸೆಂದು ಅರ್ಥವಲ್ಲ

ಹಾರ್ಡ್‌ವೇರ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಬಿಲ್ಲು ತೆರೆದಿದೆ ಎಂದುಕೊಳ್ಳಿ. ಮೇಲೆ ಗಿರಾಕಿಯ ಹೆಸರು, ತಾರೀಖು, ಬಿಲ್ ನಂಬರು. ಕೆಳಗೆ ಸಾಲುಗಳು: ಸಿಮೆಂಟು 10 ಚೀಲ, ಮುಕ್ಕಾಲು ಇಂಚಿನ ಪೈಪು 6, ಹಿತ್ತಾಳೆ ನಲ್ಲಿ 4. ಗಿರಾಕಿ ನಲ್ಲಿ ಬೇಡವೆಂದ. ಗುಮಾಸ್ತ ಆ ಸಾಲಿನ ತುದಿಯ ಕೆಂಪು ಗುರುತನ್ನು ಒತ್ತಿದ, ಸಾಲು ಪರದೆಯಿಂದ ಮಾಯವಾಯಿತು. ‘ಉಳಿಸು’ ಗುಂಡಿಯನ್ನು ಇನ್ನೂ ಒತ್ತಿಲ್ಲ. ಈ ಕ್ಷಣದಲ್ಲಿ ನಲ್ಲಿಯ ಸಾಲು ಡೇಟಾಬೇಸಿನಲ್ಲಿ ಇದೆಯೋ ಇಲ್ಲವೋ?

ಇರಲೇಬೇಕು. ಗಿರಾಕಿ ಮತ್ತೆ ಮನಸ್ಸು ಬದಲಿಸಬಹುದು, ಗುಮಾಸ್ತ ಅವಸರದಲ್ಲಿ ಬೇರೆ ಸಾಲನ್ನೇ ಒತ್ತಿಬಿಟ್ಟಿರಬಹುದು, ಕರೆಂಟು ಹೋಗಬಹುದು. ‘ಉಳಿಸು’ ಒತ್ತುವ ತನಕ ಪರದೆಯ ಮೇಲೆ ನಡೆದದ್ದೆಲ್ಲ ಬರೀ ಇರಾದೆ. ವೆಬ್ ತಂತ್ರಾಂಶ ಬರೆಯುವವರು ಸೇರಿಸುವುದಕ್ಕೂ ತಿದ್ದುವುದಕ್ಕೂ ತಲೆ ಕೆಡಿಸಿಕೊಳ್ಳುವಷ್ಟು ಅಳಿಸುವುದಕ್ಕೆ ಕೆಡಿಸಿಕೊಳ್ಳುವುದಿಲ್ಲ. ತಪ್ಪಾದರೆ ಹಿಂದಕ್ಕೆ ಬರುವುದು ಎಲ್ಲಕ್ಕಿಂತ ಕಷ್ಟವಾಗಿರುವುದು ಮಾತ್ರ ಇದರಲ್ಲೇ.

ಡೇಟಾಬೇಸಿನಲ್ಲಿ ಬಿಲ್ಲುಗಳದ್ದೊಂದು ಕೋಷ್ಟಕ, ಸಾಲುಗಳದ್ದು ಇನ್ನೊಂದು. ಪ್ರತಿ ಸಾಲೂ ತಾನು ಯಾವ ಬಿಲ್ಲಿಗೆ ಸೇರಿದ್ದೆಂಬ ನಂಬರನ್ನು ಹೊತ್ತುಕೊಂಡಿರುತ್ತದೆ. ಬಿಲ್ಲು ತಾಯಿ ದಾಖಲೆ, ಸಾಲುಗಳು ಮಕ್ಕಳು. ಎರಡನ್ನೂ ಒಂದೇ ಪರದೆಯಲ್ಲಿ, ಒಂದೇ ಗುಂಡಿಯಿಂದ ಬದಲಿಸುವ ವ್ಯವಸ್ಥೆಯನ್ನು ನೆಸ್ಟೆಡ್ ಫಾರ್ಮ್ ಎನ್ನುತ್ತಾರೆ. ಹೊಸ ಸಾಲು ಸೇರಿಸಿದರೆ ಸರ್ವರಿಗೆ ಕಳಿಸಲು ಮಾಹಿತಿ ಇರುತ್ತದೆ. ತಿದ್ದಿದರೂ ಇರುತ್ತದೆ. ಅಳಿಸಿದಾಗ ಕಳಿಸಬೇಕಾದದ್ದು ಒಂದು ಗೈರುಹಾಜರಿ. ಅದನ್ನು ಕಳಿಸುವುದು ಹೇಗೆ?

ಎಚ್‌ಟಿಎಂಎಲ್ ಇಲ್ಲಿ ನೆರವಿಗೆ ಬರುವುದಿಲ್ಲ. ನೆಸ್ಟೆಡ್ ಎಂಬ ಹೆಸರಿದ್ದರೂ ಒಂದು ಫಾರ್ಮಿನೊಳಗೆ ಇನ್ನೊಂದು ಫಾರ್ಮ್ ಇಡಲು ಅದರ ನಿಯಮ ಒಪ್ಪದು. ಇಟ್ಟರೆ ಬ್ರೌಸರು ಒಳಗಿನ ಫಾರ್ಮಿನ ಟ್ಯಾಗನ್ನು ಕಡೆಗಣಿಸಿ ಮುಂದೆ ಹೋಗುತ್ತದೆ. ಹಾಗಾಗಿ ಪ್ರತಿ ಸಾಲಿಗೂ ಅದರದೇ ಒಂದು ‘ಅಳಿಸು’ ಫಾರ್ಮ್ ಕೊಡುವ ಉಪಾಯ ನಡೆಯದು. ಟಿಕ್ ಹಾಕದ ಚೆಕ್‌ಬಾಕ್ಸಿನದ್ದೂ ಅದೇ ಕಥೆ: ಅದು ‘ಬೇಡ’ ಎಂದು ಹೇಳುವುದಿಲ್ಲ, ಏನನ್ನೂ ಕಳಿಸುವುದೇ ಇಲ್ಲ. (ರೂಬಿ ಆನ್ ರೈಲ್ಸ್ ಎಂಬ ವೆಬ್ ಚೌಕಟ್ಟಿನ ಚೆಕ್‌ಬಾಕ್ಸಿನ ಜೊತೆಗೆ 0 ಎಂಬ ಮೌಲ್ಯ ಹೊತ್ತ ಗುಪ್ತ ಫೀಲ್ಡೊಂದು ಇರುವುದು ಇದೇ ಕಾರಣಕ್ಕೆ.) ಕೊನೆಗೆ ಸರ್ವರಿನ ಕಡೆಯಿಂದ ನೋಡಿದರೆ, ಒಂದು ಸಾಲು ಬರಲಿಲ್ಲ ಎಂಬುದಕ್ಕೆ ಹಲವು ಕಾರಣಗಳಿರಬಹುದು. ಬಳಕೆದಾರನೇ ತೆಗೆದಿರಬಹುದು. ಆ ಸಾಲು ಅವನ ಪರದೆಗೇ ಬಂದಿರದಿರಬಹುದು. ದಾರಿಯಲ್ಲಿ ಕತ್ತರಿಸಿಹೋಗಿರಬಹುದು.

ಇದನ್ನು ಎದುರಿಸುವಲ್ಲಿ ತಂತ್ರಾಂಶ ಚೌಕಟ್ಟುಗಳು ಎರಡು ಬಣಗಳಾಗಿವೆ. ಮೊದಲನೆಯ ಬಣದ ಪ್ರಕಾರ ಬಂದದ್ದೇ ಪೂರ್ತಿ ಪಟ್ಟಿ. ಅದರಲ್ಲಿ ಇಲ್ಲದ್ದನ್ನು ತೆಗೆದುಹಾಕಬೇಕು. ಪಿಎಚ್‌ಪಿ ಭಾಷೆಯ ಲೋಕದ ಸಿಂಫನಿಯಲ್ಲಿ ಕಲೆಕ್ಷನ್ ಫೀಲ್ಡಿಗೆ ‘ಅಲೋ ಡಿಲೀಟ್’ ಆನ್ ಮಾಡಿದರೆ ಬರದ ಸಾಲು ಪಟ್ಟಿಯಿಂದ ಹೊರಗೆ. ಅದರ ಜೊತೆ ಬಳಸುವ ಡೇಟಾಬೇಸ್ ಗ್ರಂಥಾಲಯ ಡಾಕ್ಟ್ರಿನ್‌ನಲ್ಲಿ ‘ಆರ್ಫನ್ ರಿಮೂವಲ್’ ಕೂಡ ಇದ್ದರೆ ಡೇಟಾಬೇಸಿನಿಂದಲೂ ಹೊರಗೆ. ಪಿಎಚ್‌ಪಿಯದೇ ಇನ್ನೊಂದು ಚೌಕಟ್ಟಾದ ಲಾರಾವೆಲ್‌ನ ‘ಸಿಂಕ್’ ಕೂಡ ಪಟ್ಟಿಯಲ್ಲಿ ಕಾಣದ ಕೊಂಡಿಗಳನ್ನು ಕಳಚಿಹಾಕುತ್ತದೆ. ಎರಡನೆಯ ಬಣದ್ದು ರೈಲ್ಸ್ ಮತ್ತು ಜ್ಯಾಂಗೋ ದಾರಿ: ಅಳಿಸಬೇಕಾದ ಸಾಲಿನ ನಂಬರನ್ನೂ ‘ಇದನ್ನು ಅಳಿಸು’ ಎಂಬ ಮಾತನ್ನೂ ಸ್ಪಷ್ಟವಾಗಿ ಕಳಿಸಬೇಕು. ಬಾಯಿಬಿಟ್ಟು ಹೇಳದ ಹೊರತು ಯಾವ ಸಾಲಿಗೂ ಕೈ ಹಚ್ಚುವುದಿಲ್ಲ.

ಎರಡನೆಯದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲನೆಯದರಲ್ಲಿ ಅಪಾಯ ಎಲ್ಲಿ ಅಡಗಿದೆ ಎಂದು ಲೆಕ್ಕ ಹಾಕಿಯೇ ನೋಡೋಣ. ಪಿಎಚ್‌ಪಿಯಲ್ಲಿ ‘ಮ್ಯಾಕ್ಸ್ ಇನ್‌ಪುಟ್ ವಾರ್ಸ್’ ಎಂಬ ಮಿತಿಯೊಂದಿದೆ. ಸರ್ವರನ್ನು ಉಸಿರುಗಟ್ಟಿಸುವ ಒಂದು ಬಗೆಯ ದಾಳಿಯನ್ನು ತಡೆಯಲೆಂದು 5.3.9 ಆವೃತ್ತಿಯಲ್ಲಿ, 2012ರ ಜನವರಿಯಲ್ಲಿ ಬಂದದ್ದು. ಯಾರೂ ಬದಲಿಸದಿದ್ದರೆ ಆ ಮಿತಿ 1000. ನಮ್ಮ ಬಿಲ್ಲಿನ ತಲೆಭಾಗದಲ್ಲಿ 4 ಫೀಲ್ಡು, ಪ್ರತಿ ಸಾಲಿಗೆ 6 ಫೀಲ್ಡು ಎಂದಿಟ್ಟುಕೊಳ್ಳಿ. 166 ಸಾಲುಗಳಿಗೆ ಸರಿಯಾಗಿ 1000 ಭರ್ತಿ. ದೊಡ್ಡ ಕಾಮಗಾರಿಯ ಬಿಲ್ಲಿನಲ್ಲಿ 200 ಸಾಲುಗಳಿದ್ದರೆ ಕೊನೆಯ 34 ಸಾಲುಗಳನ್ನು ಪಿಎಚ್‌ಪಿ ಕತ್ತರಿಸಿ ಬಿಸಾಡುತ್ತದೆ. ಒಂದು ಎಚ್ಚರಿಕೆ ಲಾಗಿಗೆ ಬೀಳಬಹುದು, ಕೆಲಸ ಮಾತ್ರ ನಿಲ್ಲುವುದಿಲ್ಲ. ‘ಬರದ್ದನ್ನು ಅಳಿಸು’ ಎಂದು ಬರೆದ ಕೋಡ್ ಅದರ ಹಿಂದೆ ಇದ್ದರೆ ಆ 34 ಸಾಲುಗಳೂ ಅಳಿಸಿಹೋಗುತ್ತವೆ. ಗುಮಾಸ್ತ ಮಾಡಿದ್ದು ಗಿರಾಕಿಯ ಫೋನ್ ನಂಬರು ತಿದ್ದಿದ್ದಷ್ಟೇ. ಅದೇ 1000 ಫೀಲ್ಡುಗಳ ಮಿತಿ ಜ್ಯಾಂಗೋದಲ್ಲೂ ಇದೆ. ಅಲ್ಲಿ ಮಿತಿ ಮೀರಿದರೆ ಇಡೀ ಫಾರ್ಮನ್ನೇ ತಿರಸ್ಕರಿಸಿ ದೋಷ ತೋರಿಸುತ್ತದೆ. ಅರ್ಧ ಸ್ವೀಕರಿಸುವುದಕ್ಕಿಂತ ಪೂರ್ತಿ ತಿರಸ್ಕರಿಸುವುದು ಎಷ್ಟೋ ವಾಸಿ.

ಮಿತಿಯ ಮಾತು ಬಿಡಿ, ಇಬ್ಬರು ಗುಮಾಸ್ತರು ಸಾಕು. ಒಬ್ಬ ಬೆಳಿಗ್ಗೆ ಬಿಲ್ಲು ತೆರೆದಿಟ್ಟು ಚಹಾಕ್ಕೆ ಹೋದ. ಇನ್ನೊಬ್ಬ ತನ್ನ ಕಂಪ್ಯೂಟರಿನಲ್ಲಿ ಅದೇ ಬಿಲ್ಲಿಗೆ ಪೇಂಟಿನ ಡಬ್ಬಿ ಸೇರಿಸಿ ಉಳಿಸಿದ. ಮೊದಲನೆಯವ ಬಂದು ತನ್ನ ಹಳೆಯ ಪರದೆಯಿಂದ ‘ಉಳಿಸು’ ಒತ್ತಿದ. ಅವನ ಪಟ್ಟಿಯಲ್ಲಿ ಪೇಂಟು ಇಲ್ಲ, ಆದ್ದರಿಂದ ಪೇಂಟು ಅಳಿಯಿತು. ಅವನು ಕಣ್ಣಲ್ಲೂ ನೋಡದ ಸಾಲನ್ನು ಅವನ ಹೆಸರಿನಲ್ಲಿ ಅಳಿಸಿದಂತಾಯಿತು. ರೈಲ್ಸ್ ದಾರಿಯಲ್ಲಿ ಇದು ಆಗುವುದಿಲ್ಲ, ಏಕೆಂದರೆ ಪೇಂಟಿನ ಸಾಲಿನ ನಂಬರನ್ನು ಯಾರೂ ಕಳಿಸಲೇ ಇಲ್ಲ.

ಎಲಿಕ್ಸರ್ ಭಾಷೆಯ ಎಕ್ಟೋ ಗ್ರಂಥಾಲಯದ ನಿಲುವು ಇಲ್ಲಿ ಮೆಚ್ಚಬೇಕಾದದ್ದು. ಅದೂ ಪಟ್ಟಿಯನ್ನು ಹೋಲಿಸಿಯೇ ನೋಡುತ್ತದೆ. ಆದರೆ ಹಳೆಯ ಸಾಲೊಂದು ಹೊಸ ಪಟ್ಟಿಯಲ್ಲಿ ಕಾಣದಿದ್ದರೆ ತಾನಾಗಿ ಅಳಿಸುವುದಿಲ್ಲ, ದೋಷ ಎತ್ತಿ ನಿಂತುಬಿಡುತ್ತದೆ. ಏನು ಮಾಡಬೇಕೆಂದು ಪ್ರೋಗ್ರಾಮರ್ ಮುಂಚೆಯೇ ಬರೆದು ಹೇಳಿದ್ದರೆ ಮಾತ್ರ ಮುಂದುವರಿಯುತ್ತದೆ.

ಇನ್ನು ರೈಲ್ಸ್ ಒಳಗೆ ಸ್ವಲ್ಪ ಇಳಿದು ನೋಡೋಣ. ನೆಸ್ಟೆಡ್ ಆಟ್ರಿಬ್ಯೂಟ್ಸ್ ಸೌಲಭ್ಯ ಅದಕ್ಕೆ ಬಂದದ್ದು 2009ರ ಮಾರ್ಚಿನಲ್ಲಿ, 2.3ನೇ ಆವೃತ್ತಿಯಲ್ಲಿ. ಬಿಲ್ಲಿನ ಮಾಡೆಲ್‌ನಲ್ಲಿ ‘ಸಾಲುಗಳ ಮಾಹಿತಿಯನ್ನು ನನ್ನ ಮೂಲಕವೇ ಸ್ವೀಕರಿಸುತ್ತೇನೆ’ ಎಂದು ಕೋಡಿನ ಒಂದು ಸಾಲು ಬರೆದರೆ ಸೇರಿಸುವುದು, ತಿದ್ದುವುದು ಎರಡೂ ಸಾಧ್ಯ. ಅಳಿಸುವುದು ಮಾತ್ರ ಆಗುವುದಿಲ್ಲ. ಅದಕ್ಕೆ ‘ಅಲೋ ಡಿಸ್ಟ್ರಾಯ್’ ಎಂದು ಬೇರೆಯಾಗಿಯೇ ಅನುಮತಿ ಕೊಡಬೇಕು. ಕೊಟ್ಟ ಮೇಲೆ ಫಾರ್ಮಿನಿಂದ ಆಯಾ ಸಾಲಿನ ನಂಬರು ಅಂದರೆ ಐಡಿ ಜೊತೆ ‘ಡಿಸ್ಟ್ರಾಯ್’ ಎಂಬ ಫೀಲ್ಡಿನಲ್ಲಿ 1 ಬಂದರೆ ಆ ಸಾಲಿಗೆ ಅಳಿಸುವ ಗುರುತು ಬೀಳುತ್ತದೆ. ಗುರುತು ಮಾತ್ರ, ಅಳಿಸುವಿಕೆ ಅಲ್ಲ. ಮಲೆನಾಡಿನಲ್ಲಿ ಅರಣ್ಯ ಇಲಾಖೆಯವರು ಕಡಿಯಬೇಕಾದ ಮರಕ್ಕೆ ಮೊದಲು ನಂಬರು ಹೊಡೆದು ಹೋಗುತ್ತಾರಲ್ಲ, ಹಾಗೆ. ಕೊಡಲಿ ಬೀಳುವುದು ಆಮೇಲೆ. ರೈಲ್ಸ್‌ನಲ್ಲಿ ಆ ಕೊಡಲಿ ಬೀಳುವುದು ಬಿಲ್ಲು ಉಳಿಯುವ ಹೊತ್ತಿಗೆ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ತಲೆಭಾಗದ ತಿದ್ದುಪಡಿ, ಗುರುತಾದ ಸಾಲುಗಳ ಅಳಿಸುವಿಕೆ, ಹೊಸ ಸಾಲುಗಳ ಸೇರ್ಪಡೆ ಎಲ್ಲವೂ ಒಟ್ಟಿಗೆ ಆಗಬೇಕು, ನಡುವೆ ಒಂದು ಎಡವಿದರೆ ಎಲ್ಲವೂ ಹಿಂದಕ್ಕೆ.

ಪರದೆಯ ಕಡೆಯ ಕೆಲಸಕ್ಕೆ ಅನೇಕರು ಕಕೂನ್ ಎಂಬ ಸಿದ್ಧ ಜೆಮ್ (ರೂಬಿಯ ಕೋಡ್ ಕಂತೆ) ಬಳಸುತ್ತ ಬಂದಿದ್ದಾರೆ. ಅದು ಮಾಡುವುದು ಸರಳ: ಈಗಷ್ಟೇ ಸೇರಿಸಿದ, ಇನ್ನೂ ಉಳಿಸದ ಸಾಲಾದರೆ ಪುಟದಿಂದಲೇ ಕಿತ್ತುಹಾಕುತ್ತದೆ, ಹಳೆಯ ಸಾಲಾದರೆ ಕಣ್ಣಿಗೆ ಕಾಣದಂತೆ ಮರೆಮಾಡಿ ಅದರ ಗುಪ್ತ ಫೀಲ್ಡಿನಲ್ಲಿ ಅಳಿಸುವ ಗುರುತು ಹಾಕುತ್ತದೆ. ಹೊಸಬರು ಜಾವಾಸ್ಕ್ರಿಪ್ಟಿನಲ್ಲಿ ಎರಡನ್ನೂ ಕಿತ್ತುಹಾಕಿ, ‘ಅಳಿಸಿದ ಸಾಲು ಮತ್ತೆ ಬರುತ್ತಿದೆ’ ಎಂದು ಪರದಾಡುವುದು ಈ ವ್ಯತ್ಯಾಸ ತಿಳಿಯದೆ. ಪುಟದಿಂದ ಕಿತ್ತ ಸಾಲು ಸರ್ವರಿಗೆ ಹೋಗುವುದಿಲ್ಲ. ಹೋಗದ ಸಾಲನ್ನು ರೈಲ್ಸ್ ಮುಟ್ಟುವುದಿಲ್ಲ.

ಸರ್ವರಿಗೆ ಬಂದ ಫೀಲ್ಡುಗಳಲ್ಲಿ ಯಾವುದನ್ನು ಒಳಗೆ ಬಿಡಬೇಕೆಂಬ ಪಟ್ಟಿ ಮಾಡುವುದು ಮುಂದಿನ ಹಂತ. ಇದು ಕಡ್ಡಾಯವಾದದ್ದರ ಹಿಂದೆ ಒಂದು ಘಟನೆ ಇದೆ. 2012ರ ಮಾರ್ಚಿನಲ್ಲಿ ಎಗೋರ್ ಹೊಮಾಕೋವ್ ಎಂಬ ರಷ್ಯಾದ ಪ್ರೋಗ್ರಾಮರ್, ಫಾರ್ಮಿನಲ್ಲಿ ಇಲ್ಲದ ಫೀಲ್ಡೊಂದನ್ನು ತಾನೇ ಸೇರಿಸಿ ಕಳಿಸಿ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ರೈಲ್ಸ್‌ನದೇ ಭಂಡಾರಕ್ಕೆ ತನ್ನ ಕೀಲಿಯನ್ನು ಜೋಡಿಸಿಕೊಂಡು ಅದರೊಳಗೆ ಬರೆದು ತೋರಿಸಿದರು. 2013ರಲ್ಲಿ ಬಂದ ರೈಲ್ಸ್ 4, ಒಪ್ಪಿಗೆ ಇರುವ ಫೀಲ್ಡುಗಳನ್ನು ಹೆಸರು ಹಿಡಿದು ಹೇಳಲೇಬೇಕೆಂಬ ಸ್ಟ್ರಾಂಗ್ ಪ್ಯಾರಾಮೀಟರ್ಸ್ ಪದ್ಧತಿ ತಂದಿತು.

ಒಳ್ಳೆಯ ಪದ್ಧತಿ, ಆದರೆ ನೆಸ್ಟೆಡ್ ಫಾರ್ಮಿನಲ್ಲಿ ಇದನ್ನು ಅರ್ಧಕ್ಕೆ ಬಿಟ್ಟರೆ ಆಗುವುದನ್ನು ನೋಡಿ. ಒಪ್ಪಿಗೆಯ ಪಟ್ಟಿಯಲ್ಲಿ ‘ಡಿಸ್ಟ್ರಾಯ್’ ಬರೆಯಲು ಮರೆತರೆ ಗುರುತು ದಾರಿಯಲ್ಲೇ ಉದುರುತ್ತದೆ. ‘ಉಳಿಸಲಾಗಿದೆ’ ಎಂಬ ಸಂದೇಶ ಬರುತ್ತದೆ, ನಲ್ಲಿಯೂ ಉಳಿದಿರುತ್ತದೆ. ‘ಐಡಿ’ ಬರೆಯಲು ಮರೆತರೆ ಇನ್ನೂ ವಿಚಿತ್ರ. ಐಡಿ ಇಲ್ಲದ ಸಾಲನ್ನು ರೈಲ್ಸ್ ಹೊಸದೆಂದೇ ತಿಳಿಯುತ್ತದೆ. ಸಿಮೆಂಟು ಮತ್ತು ಪೈಪು ಹೊಸ ಸಾಲುಗಳಾಗಿ ಮತ್ತೊಮ್ಮೆ ಸೇರುತ್ತವೆ. ನಲ್ಲಿಗೆ ಅಳಿಸುವ ಗುರುತಿದೆ, ಆದರೆ ಹೊಸ ಸಾಲನ್ನು ಅಳಿಸುವುದೆಂದರೆ ಸೇರಿಸದೆ ಬಿಡುವುದು ಎಂದಷ್ಟೇ ಅರ್ಥ. ಹಳೆಯ ನಲ್ಲಿ ಹಾಗೇ ಇರುತ್ತದೆ. ಒಂದು ಸಾಲು ತೆಗೆಯಲು ಹೋದ ಗಿರಾಕಿಯ ಬಿಲ್ಲಿನಲ್ಲಿ ಈಗ ಸಿಮೆಂಟು 20 ಚೀಲ, ಪೈಪು 12, ಜೊತೆಗೆ ಅದೇ ನಲ್ಲಿ 4.

ಐಡಿಯ ವಿಷಯದಲ್ಲಿ ಭದ್ರತೆಯ ಮಾತೂ ಇದೆ. ಫಾರ್ಮಿನಲ್ಲಿರುವ ಐಡಿಯನ್ನು ಬ್ರೌಸರಿನಲ್ಲೇ ಯಾರು ಬೇಕಾದರೂ ಬದಲಿಸಿ ಕಳಿಸಬಹುದು. ರೈಲ್ಸ್ ಆ ಐಡಿಯನ್ನು ಇಡೀ ಕೋಷ್ಟಕದಲ್ಲಿ ಹುಡುಕದೆ ಈ ಬಿಲ್ಲಿನ ಸಾಲುಗಳಲ್ಲಿ ಮಾತ್ರ ಹುಡುಕುತ್ತದೆ. ಸಿಗದಿದ್ದರೆ ದೋಷ ಎತ್ತುತ್ತದೆ. ಸ್ವಂತವಾಗಿ ಕೋಡ್ ಬರೆಯುವವರು ಈ ಹೆಜ್ಜೆಯನ್ನು ಬಿಟ್ಟು, ಬಂದ ಐಡಿಯ ಸಾಲನ್ನು ನೇರ ಹುಡುಕಿ ಅಳಿಸಿದರೆ ಬೇರೆ ಅಂಗಡಿಯ ಬಿಲ್ಲಿನ ಸಾಲನ್ನೂ ಅಳಿಸಿದಂತಾಗುತ್ತದೆ. ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆ 2021ರ ತನ್ನ ಹತ್ತು ಅಪಾಯಗಳ ಪಟ್ಟಿಯಲ್ಲಿ ಈ ಬಗೆಯ ಪ್ರವೇಶಾಧಿಕಾರದ ಲೋಪಗಳಿಗೇ ಮೊದಲ ಸ್ಥಾನ ಕೊಟ್ಟಿತ್ತು.

ಗುರುತು ಹಾಕಿದ ಮೇಲೆ, ಅಳಿಸುವುದಕ್ಕೆ ಮುಂಚೆ ಇರುವ ಆ ಸಣ್ಣ ಅವಧಿಯಲ್ಲೇ ಬಹಳಷ್ಟು ಎಡವಟ್ಟುಗಳಾಗುತ್ತವೆ. ಗುಮಾಸ್ತ ನಲ್ಲಿಯನ್ನು ತೆಗೆದ, ಜೊತೆಗೆ ಗಿರಾಕಿಯ ಜಿಎಸ್‌ಟಿ ನಂಬರನ್ನು ತಪ್ಪಾಗಿ ಬರೆದ. ತಪಾಸಣೆ ಸೋತು ಫಾರ್ಮ್ ಮರಳಿ ಬಂತು. ಆಗ ಪುಟದ ಕೋಡ್ ಎಲ್ಲ ಸಾಲುಗಳನ್ನೂ ಕಣ್ಮುಚ್ಚಿ ಬರೆದರೆ ನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಜಿಎಸ್‌ಟಿ ನಂಬರಿನ ಮೇಲೆ ಕಣ್ಣಿಟ್ಟ ಗುಮಾಸ್ತ ಕೆಳಗೆ ನೋಡುವುದಿಲ್ಲ, ಸರಿಪಡಿಸಿ ಉಳಿಸುತ್ತಾನೆ, ಗಿರಾಕಿ ತಾನು ಬೇಡವೆಂದ ನಲ್ಲಿಗೂ ಹಣ ಕೊಡುತ್ತಾನೆ. ಸಾಲಿಗೆ ಗುರುತು ಇದೆಯೇ ಎಂದು ಪುಟವೇ ಕೇಳಿ, ಇದ್ದರೆ ಮರೆಯಲ್ಲೇ ಇಟ್ಟು ಗುಪ್ತ ಫೀಲ್ಡನ್ನು ಹಾಗೇ ಕಾಯ್ದುಕೊಳ್ಳಬೇಕು. ಒಟ್ಟು ಮೊತ್ತ ಕೂಡುವ ಕೋಡೂ ಗುರುತಾದ ಸಾಲುಗಳನ್ನು ಬಿಟ್ಟು ಕೂಡಬೇಕು, ಇಲ್ಲದಿದ್ದರೆ ಸಾಲು ಅಳಿದರೂ ಮೊತ್ತದಲ್ಲಿ ಅದರ ಬೆಲೆ ಉಳಿಯುತ್ತದೆ.

ಇನ್ನೊಂದು: ಒಂದು ಬಿಲ್ಲಿನಲ್ಲಿ ಒಂದೇ ವಸ್ತು ಎರಡು ಸಾಲಿನಲ್ಲಿ ಬರಕೂಡದು ಎಂಬ ನಿಯಮ ಇದೆಯೆನ್ನಿ. ಗುಮಾಸ್ತ ನಲ್ಲಿಯ ಹಳೆಯ ಸಾಲು ತೆಗೆದು, ನಲ್ಲಿಯದೇ ಹೊಸ ಸಾಲು ಬರೆದ. ‘ಈ ವಸ್ತು ಆಗಲೇ ಇದೆ’ ಎಂಬ ತಕರಾರು ಬರುತ್ತದೆ. ರೈಲ್ಸ್ ಗುರುತಾದವನ್ನು ಮೊದಲು ಅಳಿಸಿ ಆಮೇಲೆ ಹೊಸದನ್ನು ಸೇರಿಸುವುದು ನಿಜ, ಆದರೆ ತಪಾಸಣೆ ನಡೆಯುವುದು ಅವೆರಡಕ್ಕೂ ಮುಂಚೆ. ಆ ಹೊತ್ತಿಗೆ ಡೇಟಾಬೇಸಿನಲ್ಲಿ ಹಳೆಯ ನಲ್ಲಿ ಇನ್ನೂ ಇದೆ. ಈ ನಿಯಮವನ್ನು ಸಾಲಿನ ಮಟ್ಟದಲ್ಲಿ ಇಡದೆ, ಗುರುತಾದವನ್ನು ಹೊರಗಿಟ್ಟು ಬಿಲ್ಲಿನ ಮಟ್ಟದಲ್ಲಿ ನೋಡುವುದು ಸರಿಯಾದ ಪರಿಹಾರ.

ಜ್ಯಾಂಗೋದಲ್ಲಿ ಇದೇ ಕೆಲಸಕ್ಕೆ ಫಾರ್ಮ್‌ಸೆಟ್ ಇದೆ. ‘ಕ್ಯಾನ್ ಡಿಲೀಟ್’ ಎಂದರೆ ಪ್ರತಿ ಸಾಲಿಗೂ ‘ಡಿಲೀಟ್’ ಎಂಬ ಚೆಕ್‌ಬಾಕ್ಸ್ ಬರುತ್ತದೆ. ಅಲ್ಲಿ ನೆನಪಿಡಬೇಕಾದದ್ದು ಒಂದೇ: ‘ಕಮಿಟ್ ಬೇಡ’ ಎಂದು ಹೇಳಿ ಫಾರ್ಮ್‌ಸೆಟ್ ಉಳಿಸಿದರೆ, 1.7ನೇ ಆವೃತ್ತಿಯಿಂದೀಚೆಗೆ ಅದು ಏನನ್ನೂ ಅಳಿಸುವುದಿಲ್ಲ. ಅಳಿಸಬೇಕಾದವುಗಳ ಪಟ್ಟಿಯನ್ನು ಕೈಗೆ ಕೊಡುತ್ತದೆ, ಅಳಿಸುವ ಹೊಣೆ ಬರೆಯುವವರದ್ದು.

ಬಿಲ್ಲಿನ ಸಾಲು ಬಿಲ್ಲಿನ ಹೊರಗೆ ಬದುಕುವುದಿಲ್ಲ, ಹಾಗಾಗಿ ಇಷ್ಟು ಹೊತ್ತು ವಿಷಯ ಸುಲಭವಾಗಿತ್ತು. ಪಡಿತರ ಚೀಟಿಯನ್ನು ನೆನೆಯಿರಿ. ಒಂದು ಚೀಟಿ, ಅದರ ಕೆಳಗೆ ಮನೆಯ ಸದಸ್ಯರು. ಮದುವೆಯಾಗಿ ಹೋದ ಮಗಳ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿ ಗಂಡನ ಮನೆಯ ಚೀಟಿಗೆ ಸೇರಿಸಬೇಕು. ಪರದೆಯ ಮೇಲೆ ಇದೂ ಅದೇ ಕೆಂಪು ಗುರುತು, ಅದೇ ಸಾಲು. ಆದರೆ ಅಳಿಯಬೇಕಾದದ್ದು ಮಗಳೂ ಅಲ್ಲ, ಚೀಟಿಯೂ ಅಲ್ಲ, ಅವೆರಡರ ನಡುವಿನ ನಂಟು. ಇಂಥ ತಂತ್ರಾಂಶ ಕಟ್ಟುವವರು ವ್ಯಕ್ತಿಯ ಕೋಷ್ಟಕದಲ್ಲೇ ಚೀಟಿಯ ನಂಬರು ಇಟ್ಟು, ನೆಸ್ಟೆಡ್ ಫಾರ್ಮಿಗೆ ಅಳಿಸುವ ಅನುಮತಿ ಕೊಟ್ಟರೆ, ಆ ಗುಂಡಿ ವ್ಯಕ್ತಿಯ ದಾಖಲೆಯನ್ನೇ ಅಳಿಸುತ್ತದೆ. ಗಂಡನ ಮನೆಯ ಚೀಟಿಗೆ ಸೇರಿಸಲು ಹೋದಾಗ ಅವಳು ಆ ವ್ಯವಸ್ಥೆಯಲ್ಲಿ ಇಲ್ಲ. ನಡುವೆ ಸದಸ್ಯತ್ವ ಎಂಬ ಮೂರನೆಯ ಕೋಷ್ಟಕ ಇಟ್ಟು, ನೆಸ್ಟೆಡ್ ಫಾರ್ಮನ್ನು ಅದಕ್ಕೆ ಕಟ್ಟಬೇಕು. ಆಗ ಅಳಿಯುವುದು ನಂಟಿನ ಸಾಲು ಮಾತ್ರ. ಅದನ್ನೂ ಅಳಿಸದೆ ‘ಇಂಥ ದಿನದವರೆಗೆ’ ಎಂದು ತಾರೀಖು ಬರೆದಿಟ್ಟರೆ ಇನ್ನೂ ಮೇಲು. ಕೋಡ್ ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಮಗು ತಾಯಿಯನ್ನು ಬಿಟ್ಟು ಬದುಕಬಲ್ಲದೇ? ಬದುಕಬಲ್ಲದಾದರೆ ಅದನ್ನು ಅಳಿಸುವ ಹಕ್ಕು ತಾಯಿಯ ಫಾರ್ಮಿಗೆ ಇರಬಾರದು.

ಮೊಮ್ಮಕ್ಕಳ ವಿಷಯವೂ ಇದೆ. ಸಾಲಿನ ಕೆಳಗೆ ವಾಪಸಾತಿಯ ದಾಖಲೆಗಳಿದ್ದರೆ, ಸಾಲು ಅಳಿದಾಗ ಅವುಗಳ ಗತಿ ಏನು? ಮಗುವನ್ನು ತಾಯಿಗೆ ಕಟ್ಟುವ ಡೇಟಾಬೇಸಿನ ಕೊಂಡಿ, ಅಂದರೆ ಫಾರಿನ್ ಕೀ, ಮುಖ್ಯವಾಗಿ ಮೂರು ದಾರಿ ಕೊಡುತ್ತದೆ: ಜೊತೆಗೇ ಅಳಿಸು, ಕೊಂಡಿ ಖಾಲಿ ಮಾಡು, ಅಥವಾ ಅಳಿಸಲು ಬಿಡಲೇಬೇಡ. ಲೆಕ್ಕಪತ್ರಕ್ಕೆ ಸಂಬಂಧಿಸಿದಲ್ಲಿ ನನ್ನ ಒಲವು ಕೊನೆಯದಕ್ಕೆ. ‘ಜೊತೆಗೇ ಅಳಿಸು’ ಎಂಬ ಕ್ಯಾಸ್ಕೇಡ್ ಅನುಕೂಲವೆನಿಸಿದರೂ ಅದು ನಡೆಯುವುದು ಡೇಟಾಬೇಸಿನ ಒಳಗೆ. ತಂತ್ರಾಂಶಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಯಾರು ಏನು ಅಳಿಸಿದರೆಂದು ಬರೆದಿಡುವ ಕೋಡ್ ತಂತ್ರಾಂಶದಲ್ಲಿದ್ದರೆ ಅದಕ್ಕೆ ಈ ಮೊಮ್ಮಕ್ಕಳು ಕಾಣುವುದಿಲ್ಲ. ರೈಲ್ಸ್‌ನ ‘ಡಿಸ್ಟ್ರಾಯ್’ ಆ ಕೋಡನ್ನು ಕರೆಯುತ್ತದೆ, ‘ಡಿಲೀಟ್’ ಕರೆಯುವುದಿಲ್ಲ ಎಂಬುದನ್ನೂ ಇಲ್ಲೇ ನೆನಪಿಡಬೇಕು.

ಬರೆದಿಡುವುದು ಈಗ ಇಷ್ಟಾನಿಷ್ಟದ ಮಾತಾಗಿ ಉಳಿದಿಲ್ಲ. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯನ್ನೂ ತಾರೀಖು ಸಹಿತ ದಾಖಲಿಸುವ ಆಡಿಟ್ ಟ್ರೇಲ್ ಇರಲೇಬೇಕು, ಅದನ್ನು ಆಫ್ ಮಾಡಲು ಬರಬಾರದು ಎಂಬುದು ನಿಯಮ. ಕಂಪನಿಯ ಲೆಕ್ಕದ ತಂತ್ರಾಂಶದಲ್ಲಿ ನಲ್ಲಿಯ ಸಾಲು ಬಿಲ್ಲಿನಿಂದ ಹೋದರೂ, ಹೋದದ್ದು ಯಾವಾಗ ಎಂಬುದು ಉಳಿಯಬೇಕು. ಅದೇ ವರ್ಷ ಸಂಸತ್ತು ಒಪ್ಪಿದ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೊಂದು ದಿಕ್ಕಿನಿಂದ ಮಾತಾಡುತ್ತದೆ: ತನ್ನ ವೈಯಕ್ತಿಕ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ಅದರಲ್ಲಿ ಸೇರಿದೆ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಅಳಿಸುವ ಗುಂಡಿ ಹಚ್ಚಿ ಕೈತೊಳೆದುಕೊಳ್ಳಲು ಇನ್ನು ಆಗದು.

ನೆಸ್ಟೆಡ್ ಫಾರ್ಮ್ ಇರುವ ತಂತ್ರಾಂಶ ನಿಮ್ಮ ಕೈಯಲ್ಲಿದ್ದರೆ ಎರಡು ಪರೀಕ್ಷೆ ಮಾಡಿ. ಒಂದು ಸಾಲು ಅಳಿಸಿ, ತಲೆಭಾಗದಲ್ಲಿ ಬೇಕೆಂದೇ ಒಂದು ತಪ್ಪು ಬರೆದು ಉಳಿಸಿ. ಫಾರ್ಮ್ ಮರಳಿದಾಗ ಸಾಲು ಅಳಿದೇ ಇದೆಯೇ, ಮೊತ್ತ ಸರಿಯಿದೆಯೇ ನೋಡಿ. ಆಮೇಲೆ ಅದೇ ದಾಖಲೆಯನ್ನು ಎರಡು ಕಿಟಕಿಗಳಲ್ಲಿ ತೆರೆದು, ಒಂದರಲ್ಲಿ ಹೊಸ ಸಾಲು ಸೇರಿಸಿ ಉಳಿಸಿ, ಇನ್ನೊಂದರಲ್ಲಿ ಏನನ್ನೂ ಬದಲಿಸದೆ ‘ಉಳಿಸು’ ಒತ್ತಿ. ಹೊಸ ಸಾಲು ಹೋಗಿಬಿಟ್ಟರೆ, ಆ ಕೋಡನ್ನು ಈ ವಾರವೇ ಬದಲಿಸಿ.